ಸೊರಗಿದ ಅಪಾರ್ಟ್‌ಮೆಂಟಿನ ಮಾಲಕರನ್ನು ಹುಡುಕುವುದು, ಮಾತಿಗೆ ಕೂರುವುದು: ಕಲಬುರಗಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಬಾಡಿಗೆ ಕಟ್ಟಡಗಳನ್ನು ಕೊಂಡು, ರಿಪೇರಿ ಮಾಡಿಸಿ, ಮತ್ತೆ ಮನೆ ತುಂಬಿಸುವುದು ನನ್ನ ಕೆಲಸ. ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆಯ ಕಡೆ ಓಡಾಡುವಾಗ ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವಕ್ಕೆ ನನಗೆ ತಿಳಿದಷ್ಟು ಉತ್ತರ ಇಲ್ಲಿದೆ.

ಸೊರಗಿದ ಅಪಾರ್ಟ್‌ಮೆಂಟ್ ಅಂತ ಯಾವುದಕ್ಕೆ ಅನ್ನುತ್ತೀರಿ?

ಹಳೆಯದೆಲ್ಲ ಸೊರಗಿದ್ದಲ್ಲ. ಮೂವತ್ತು ವರ್ಷದ ಕಟ್ಟಡ ತುಂಬಿ ತುಳುಕುವುದುಂಟು, ಐದು ವರ್ಷದ್ದು ಅರ್ಧ ಖಾಲಿ ಬಿದ್ದಿರುವುದೂ ಉಂಟು. ಅದೇ ಓಣಿಯಲ್ಲಿ ಅಕ್ಕಪಕ್ಕದವರಿಗೆ ಬರುವ ಬಾಡಿಗೆ ಒಂದು ಕಟ್ಟಡಕ್ಕೆ ಮಾತ್ರ ಬರುತ್ತಿಲ್ಲ, ಬಂದವರು ವರ್ಷ ತುಂಬುವ ಮೊದಲೇ ಬಿಟ್ಟು ಹೋಗುತ್ತಾರೆ ಅಂದರೆ ಅದು ಸೊರಗಿದ ಕಟ್ಟಡ.

ಕಾರಣ ಎರಡು ಬಗೆ. ಒಂದು ಕಟ್ಟಡದ ಕಾಯಿಲೆ: ಕೊಳವೆಬಾವಿ ಬತ್ತಿದೆ, ಲಿಫ್ಟ್ ನಿಂತಿದೆ, ತಾರಸಿ ಸೋರುತ್ತದೆ. ಇನ್ನೊಂದು ಮನೆತನದ ಕಾಯಿಲೆ: ಕಟ್ಟಿಸಿದವರು ತೀರಿಕೊಂಡಿದ್ದಾರೆ, ಅಣ್ಣತಮ್ಮಂದಿರಿಗೆ ಮಾತಿಲ್ಲ, ಮಗ ದುಬೈಯಲ್ಲಿದ್ದಾನೆ, ತಾಯಿಗೆ ಮೆಟ್ಟಿಲು ಹತ್ತಲಾಗದು. ನಾನು ಕಂಡ ಹೆಚ್ಚಿನ ಕಟ್ಟಡಗಳಲ್ಲಿ ಎರಡನೆಯದರಿಂದಲೇ ಮೊದಲನೆಯದು ಹುಟ್ಟಿತ್ತು. ಲಿಫ್ಟ್ ಕೆಟ್ಟು ನಿಂತಿರುವುದಕ್ಕೆ ದುಡ್ಡಿಲ್ಲದ್ದು ಕಾರಣವಲ್ಲ, ಅದನ್ನು ಯಾರು ಮಾಡಿಸಬೇಕು ಎಂಬುದು ಮನೆಯಲ್ಲಿ ತೀರ್ಮಾನವಾಗದ್ದು ಕಾರಣ. ಹಾಗಾಗಿ ಮಾಲಕರನ್ನು ಹುಡುಕುವುದು ಅಂದರೆ ಹೆಸರು, ನಂಬರು ಹುಡುಕುವುದಷ್ಟೇ ಅಲ್ಲ. ಆ ಮನೆಯಲ್ಲಿ ಏನು ನಿಂತುಹೋಗಿದೆ ಎಂಬುದನ್ನೂ ತಿಳಿಯಬೇಕು.

ಹೊರಗಿನಿಂದ ನೋಡಿ ಗುರುತಿಸುವುದು ಹೇಗೆ?

ಸಂಜೆ ಏಳೂವರೆಗೆ ಹೋಗಿ ಎಷ್ಟು ಕಿಟಕಿಯಲ್ಲಿ ದೀಪ ಇದೆ ನೋಡಿ. ವಾಚ್‌ಮನ್‌ಗೆ ಹೇಳಿ ಮೀಟರ್ ಬೋರ್ಡಿನ ಹತ್ತಿರ ನಿಲ್ಲಿ. ಜೆಸ್ಕಾಂ ಮೀಟರಿನ ಸಣ್ಣ ಕೆಂಪು ದೀಪ ಮಿಣುಕುತ್ತಿದ್ದರೆ ಆ ಮನೆಯಲ್ಲಿ ಕರೆಂಟು ಖರ್ಚಾಗುತ್ತಿದೆ. ಹನ್ನೆರಡು ಮೀಟರಿನಲ್ಲಿ ಐದು ಸುಮ್ಮನಿದ್ದರೆ, ಎರಡು ಮೂರು ಸಲ ಹೋದಾಗಲೂ ಅವೇ ಐದು ಸುಮ್ಮನಿದ್ದರೆ, ಆ ಮನೆಗಳು ಖಾಲಿ ಇವೆ.

ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ ಹೋಗಲೇಬೇಕು. ನಮ್ಮೂರ ಬಿಸಿಲು 42 ಡಿಗ್ರಿ ದಾಟಿದಾಗ ಮೇಲಿನ ಮಹಡಿಯ ಮನೆಯಲ್ಲಿ ಹತ್ತು ನಿಮಿಷ ಕೂತರೆ ಅದು ಯಾಕೆ ಖಾಲಿ ಇದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ನೀರಿನ ಟ್ಯಾಂಕರ್ ವಾರಕ್ಕೆ ಎಷ್ಟು ಸಲ ಬರುತ್ತದೆ ಎಂದು ಎದುರಿನ ಕಿರಾಣಿ ಅಂಗಡಿಯವರನ್ನು ಕೇಳಿ. ಗೋಡೆಯಲ್ಲಿ ಓರೆಯಾಗಿ ಓಡಿದ ಬಿರುಕು ಕಂಡರೆ ಎಚ್ಚರ. ಇದು ಎರೆ ಮಣ್ಣಿನ ಸೀಮೆ, ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ನೆಲ. ಪಾಯ ಸರಿಯಿಲ್ಲದಿದ್ದರೆ ಬಣ್ಣ ಬಳಿದು ಮುಚ್ಚಲಾಗುವ ರೋಗವಲ್ಲ ಅದು. ಮಾಲಕರ ಮನೆ ಬಾಗಿಲಿಗೆ ಹೋಗುವ ಮೊದಲೇ ಒಬ್ಬ ಇಂಜಿನಿಯರ್‌ಗೆ ತೋರಿಸಿ.

ಕಟ್ಟಡ ಒಬ್ಬರದೋ, ಹತ್ತು ಜನರದೋ ತಿಳಿಯುವುದು ಹೇಗೆ?

ಇದು ಮೊದಲು ಬಗೆಹರಿಯಬೇಕಾದ ಪ್ರಶ್ನೆ. ಒಬ್ಬರೇ ಕಟ್ಟಿಸಿ ಎಲ್ಲ ಮನೆಗಳನ್ನೂ ಬಾಡಿಗೆಗೆ ಕೊಟ್ಟ ಕಟ್ಟಡಕ್ಕೆ ಒಬ್ಬ ಮಾಲಕ, ಅಥವಾ ಒಂದು ಕುಟುಂಬ. ಬಿಲ್ಡರ್ ಕಟ್ಟಿ ಫ್ಲ್ಯಾಟ್ ಲೆಕ್ಕದಲ್ಲಿ ಮಾರಿದ್ದರೆ ಪ್ರತಿ ಫ್ಲ್ಯಾಟಿಗೆ ಬೇರೆ ಕ್ರಯಪತ್ರ, ಬೇರೆ ಮಾಲಕ. ಅಲ್ಲಿ ‘ಕಟ್ಟಡದ ಮಾಲಕ’ ಎಂಬ ವ್ಯಕ್ತಿಯೇ ಇರುವುದಿಲ್ಲ, ಭೂಮಿಯಲ್ಲಿ ಎಲ್ಲರಿಗೂ ಅವಿಭಾಜ್ಯ ಪಾಲು ಇರುತ್ತದೆ. ಸಂಘ ಇದ್ದರೆ ಸಂಘದ ಅಧ್ಯಕ್ಷರೊಂದಿಗೆ ಮಾತಾಡಬಹುದು, ಆದರೆ ಅವರು ಬೇರೆಯವರ ಫ್ಲ್ಯಾಟ್ ಮಾರಲಾರರು. ಮೂರನೆಯದೊಂದು ಬಗೆಯಿದೆ: ಅರ್ಧ ಮಾರಿ, ಉಳಿದರ್ಧ ಬಿಲ್ಡರ್ ಕೈಯಲ್ಲೇ ಉಳಿದದ್ದು. ಹೊಸಬರಿಗೆ ಮಾತುಕತೆಗೆ ಸುಲಭವಾದದ್ದು ಇದೇ ಎಂದು ನನ್ನ ಅನಿಸಿಕೆ, ಯಾಕೆಂದರೆ ಬಿಲ್ಡರ್‌ಗೆ ಲೆಕ್ಕ ಗೊತ್ತಿರುತ್ತದೆ, ಮನಸ್ಸಿನ ಗಂಟು ಕಡಿಮೆ. 500 ಚದರ ಮೀಟರಿಗಿಂತ ಹೆಚ್ಚಿನ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇರುವ, 2017ರ ನಂತರದ ಯೋಜನೆಯಾದರೆ ಕರ್ನಾಟಕ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣದಲ್ಲಿ ಬಿಲ್ಡರ್ ಹೆಸರು, ಜಮೀನು ಮಾಲಕರ ಹೆಸರು, ನಕ್ಷೆ ನೋಡಬಹುದು.

ಮಾಲಕರ ಹೆಸರು ಎಲ್ಲಿ ಸಿಗುತ್ತದೆ?

ಮೊದಲು ಕಾಲ್ನಡಿಗೆ, ಆಮೇಲೆ ಕಾಗದ. ವಾಚ್‌ಮನ್, ಎದುರಿನ ಮೆಡಿಕಲ್ ಅಂಗಡಿ, ಇಸ್ತ್ರಿ ಮಾಡುವವರು, ನೀರಿನ ಕ್ಯಾನ್ ಹಾಕುವ ಹುಡುಗ, ಇವರಿಗೆ ಹೆಸರಷ್ಟೇ ಅಲ್ಲ, ‘ಹಿರಿಮಗ ಸೊಲ್ಲಾಪುರದಾಗ ಇರ್ತಾನ್ರಿ, ಬಾಡಿಗಿ ವಸೂಲಿಗೆ ಅಳಿಯ ಬರ್ತಾನ’ ಎಂಬಂಥ ಸಂಗತಿಯೂ ಗೊತ್ತಿರುತ್ತದೆ. ಯಾವ ಕಚೇರಿಯ ಕಾಗದದಲ್ಲೂ ಇದು ಬರೆದಿರುವುದಿಲ್ಲ.

ಹೆಸರು ಸಿಕ್ಕ ಮೇಲೆ ಅದನ್ನು ಕಾಗದದಲ್ಲಿ ಖಚಿತ ಮಾಡಿಕೊಳ್ಳಿ. ಆಸ್ತಿಯ ಸಂಖ್ಯೆ ಗೊತ್ತಾದರೆ ಮಹಾನಗರ ಪಾಲಿಕೆಯ ತೆರಿಗೆ ದಾಖಲೆ, ಇ-ಆಸ್ತಿ ಖಾತೆ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಆದರೆ ಖಾತೆ ಅಂದರೆ ಹಕ್ಕುಪತ್ರವಲ್ಲ. ತೆರಿಗೆ ಯಾರಿಂದ ಬರಬೇಕು ಎಂದು ಹೇಳುವ ದಾಖಲೆ ಅದು. ಹಕ್ಕು ತಿಳಿಯಬೇಕಾದರೆ ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪ್ರಮಾಣಪತ್ರ, ಅಂದರೆ ನಾವೆಲ್ಲ ಇಸಿ ಅನ್ನುವುದು, ತೆಗೆಸಬೇಕು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಿದರೆ 2004ರಿಂದ ಈಚಿನದು ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲಿ ಕೈಯಾರೆ ಹುಡುಕಿಸಬೇಕು. ವ್ಯವಹಾರ ನಡೆದಿದ್ದರೆ ನಮೂನೆ 15ರಲ್ಲಿ ಮಾರಾಟ, ಅಡಮಾನ, ಪಾಲುಪಟ್ಟಿ ಸಾಲುಸಾಲಾಗಿ ಬರುತ್ತವೆ. ಏನೂ ನಡೆಯದಿದ್ದರೆ ನಮೂನೆ 16. ಆ ಸಾಲುಗಳನ್ನು ತಾರೀಖಿನ ಪ್ರಕಾರ ಓದಿ ನೋಡಿ, ಒಂದು ಕುಟುಂಬದ ಕಥೆಯೇ ಅದರಲ್ಲಿ ಇರುತ್ತದೆ: ಇಂಥ ವರ್ಷ ಸಾಲ ತಂದರು, ಇಂಥ ವರ್ಷ ತೀರಿಸಿದರು, ಇಂಥ ವರ್ಷ ತಂಗಿ ಹಕ್ಕು ಬಿಟ್ಟುಕೊಟ್ಟಳು.

ಜಮೀನು ಎನ್‌ಎ, ಅಂದರೆ ಕೃಷಿಯೇತರ, ಆಗಿದೆಯೇ, ನಗರಾಭಿವೃದ್ಧಿ ಪ್ರಾಧಿಕಾರದಿಂದ ಲೇಔಟ್ ಒಪ್ಪಿಗೆ ಇದೆಯೇ, ನಕ್ಷೆಯಲ್ಲಿ ಎಷ್ಟು ಮಹಡಿ ಇತ್ತು, ಕಟ್ಟಿದ್ದು ಎಷ್ಟು, ಖಾತೆ ಎ (ನಿಯಮದಂತಿರುವ ಆಸ್ತಿಯದು) ಅಥವಾ ಬಿ (ನಿಯಮ ಮೀರಿದ ಆಸ್ತಿಯದು), ಇವನ್ನೂ ಇದೇ ಹೊತ್ತಿಗೆ ನೋಡಿಬಿಡಿ. ಇ-ಖಾತಾ ಇಲ್ಲದೆ ನಗರದ ಆಸ್ತಿ ನೋಂದಣಿ ಆಗುವುದಿಲ್ಲ.

ಹಳೆಯ ಕಾಗದ ಉರ್ದುವಿನಲ್ಲಿದೆ, ಏನು ಮಾಡುವುದು?

ಗಾಬರಿ ಬೇಡ. 1948ರವರೆಗೆ ಇದು ನಿಜಾಮರ ಸೀಮೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು. ಹಾಗಾಗಿ ಮೂಲ ದಸ್ತಾವೇಜು ಉರ್ದುವಿನಲ್ಲಿರುವುದು ಸಹಜ. ಕೋರ್ಟಿನ ಆಸುಪಾಸು ಅದನ್ನು ಓದಿ ಕನ್ನಡಕ್ಕೆ ಮಾಡಿಕೊಡುವ ಹಿರಿಯರು ಈಗಲೂ ಇದ್ದಾರೆ, ವಕೀಲರ ಮೂಲಕ ಹೋಗಿ. ಆ ಜಮೀನು ವಕ್ಫ್, ಇನಾಮು, ದೇವಸ್ಥಾನದ್ದೇ ಎಂಬುದನ್ನೂ, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನೂ ನೋಡಲೇಬೇಕು. ಮಂಜೂರಾದ ಜಮೀನಿಗೆ ಪರಿಶಿಷ್ಟರ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ ಎಷ್ಟೋ ವರ್ಷಗಳ ಮೇಲೂ ತಕರಾರು ಏಳಬಹುದು.

ಕಾಗದದಲ್ಲಿರುವವರು ತೀರಿಕೊಂಡಿದ್ದಾರೆ. ಈಗ ಯಾರ ಹತ್ತಿರ ಮಾತಾಡಲಿ?

ಕಲಬುರಗಿಯಲ್ಲಿ ಇದು ಎದುರಾಗದ ಕಟ್ಟಡ ಕಡಿಮೆ. ಬಾಡಿಗೆ ವಸೂಲಿ ಮಾಡುವವರು ಮಾಲಕರಂತೆ ಕಾಣುತ್ತಾರೆ, ಹೊಸಬರು ಅವರ ಹತ್ತಿರವೇ ದರ ಮಾತಾಡಿ ಬಯಾನಾ, ಅಂದರೆ ಮುಂಗಡ, ಕೊಟ್ಟುಬಿಡುತ್ತಾರೆ. ಆರು ತಿಂಗಳ ಮೇಲೆ ಬೀದರಿನಿಂದ ಒಬ್ಬ ತಂಗಿ ಬಂದು ‘ನನ್ನ ಸಹಿ ಎಲ್ಲಿ?’ ಅನ್ನುತ್ತಾಳೆ. ಕೇಳುವುದು ಅವಳ ಹಕ್ಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ಮುಸ್ಲಿಂ ಕುಟುಂಬವಾದರೆ ಪಾಲಿನ ಲೆಕ್ಕ ಬೇರೆ, ಆದರೆ ಹೆಂಡತಿ, ಹೆಣ್ಣುಮಕ್ಕಳು ಎಲ್ಲರೂ ಪಾಲುದಾರರೇ.

ಆದ್ದರಿಂದ ದರಕ್ಕೆ ಮೊದಲು ವಂಶಾವಳಿ ಕೇಳಿ. ಕೇಳುವ ರೀತಿ ಮೃದುವಾಗಿರಲಿ: ‘ಅಪ್ಪಾವರ ಹೆಸರಿನ್ಯಾಗ ಅದ ಅಲ್ರಿ, ನೀವು ಎಷ್ಟು ಮಂದಿ ಅಣ್ಣತಮ್ಮ, ಅಕ್ಕತಂಗಿ?’ ಎಂದು ಶುರುವಾದರೆ ಅವರೇ ಎಲ್ಲ ಹೇಳುತ್ತಾರೆ. ಒಬ್ಬ ಅಣ್ಣ ‘ಅಕ್ಕತಂಗಿಯರದ್ದು ನಾ ನೋಡ್ಕೋತೀನಿ’ ಅಂದರೆ ನೀವು ನಿಲ್ಲಬೇಕು. ಒಮ್ಮೆ ನಾನು ನಿಲ್ಲಲಿಲ್ಲ. ಅಣ್ಣನ ಮಾತು ನಂಬಿ ಕರಾರು ಬರೆಸಿದೆ. ಅಕ್ಕನಿಗೆ ವಿಷಯ ಗೊತ್ತಾದದ್ದು ಪಕ್ಕದ ಮನೆಯವರಿಂದ. ಅವರಿಗೆ ಪಾಲಿನ ಹಣಕ್ಕಿಂತ ಹೆಚ್ಚು ನೋವಾದದ್ದು ಯಾರೂ ಒಂದು ಮಾತು ಕೇಳಲಿಲ್ಲ ಎಂಬುದು. ವ್ಯವಹಾರ ಮುರಿಯಿತು, ಆ ಮನೆಯಲ್ಲಿ ಅಕ್ಕ ತಮ್ಮನ ಮಾತೂ ನಿಂತಿತು. ನನ್ನಿಂದಾದ ತಪ್ಪು ಅದು. ಅಂದಿನಿಂದ ಎಲ್ಲ ಪಾಲುದಾರರನ್ನೂ ನಾನೇ ಖುದ್ದು ಭೇಟಿಯಾಗದೆ ಒಂದು ರೂಪಾಯಿ ಕೊಡುವುದಿಲ್ಲ.

ಮಾಲಕರು ಹೈದರಾಬಾದಿನಲ್ಲಿ ಅಥವಾ ವಿದೇಶದಲ್ಲಿದ್ದರೆ?

ಹೈದರಾಬಾದ್, ಸೊಲ್ಲಾಪುರ, ಪುಣೆಯಾದರೆ ರೈಲು ಹತ್ತಿ ಹೋಗಿಬನ್ನಿ. ಫೋನಿನಲ್ಲಿ ಮೂರು ತಿಂಗಳು ಎಳೆದ ಮಾತು ಎದುರಾಎದುರು ಕೂತರೆ ಒಂದು ಮಧ್ಯಾಹ್ನದಲ್ಲಿ ಮುಗಿದದ್ದಿದೆ. ಹೋಗುವಾಗ ಕಟ್ಟಡದ ಈಗಿನ ಫೋಟೋ ಒಯ್ಯಿರಿ. ಎಷ್ಟೋ ವರ್ಷದಿಂದ ನೋಡದೇ ಇರುವವರಿಗೆ ಅವರ ಕಣ್ಣಲ್ಲಿ ಅದು ಇನ್ನೂ ಗೃಹಪ್ರವೇಶದ ದಿನದಂತೆಯೇ ಇರುತ್ತದೆ. ಸೋರುವ ತಾರಸಿಯ ಫೋಟೋ ಮಾತ್ರ ತೋರಿಸಿ ಹೆದರಿಸುವುದು ಬೇಡ, ಚೆನ್ನಾಗಿರುವುದನ್ನೂ ತೋರಿಸಿ.

ವಿದೇಶದಲ್ಲಿರುವವರು ಅಧಿಕಾರಪತ್ರದ ಮೂಲಕ ಸಹಿ ಮಾಡಿಸುವುದಾದರೆ ಅದು ಅಲ್ಲಿನ ಭಾರತೀಯ ದೂತಾವಾಸದಲ್ಲೋ ನೋಟರಿಯ ಮುಂದೋ ದೃಢೀಕರಣವಾಗಿರಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅಧಿಕಾರಪತ್ರ ಇಟ್ಟುಕೊಂಡೇ ‘ನಾನೇ ಮಾಲಕ’ ಅನ್ನುವವರನ್ನು ನಂಬಬೇಡಿ. ಇಂಥ ಅಧಿಕಾರಪತ್ರ (ಜಿಪಿಎ) ಒಂದರಿಂದಲೇ ಮಾಲಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇನ್ನೊಂದು, ಮಾರುವವರು ಅನಿವಾಸಿಯಾದರೆ ನೀವು ಹಿಡಿಯಬೇಕಾದ ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಶೇ 1 ಅಲ್ಲ, ಅದಕ್ಕಿಂತ ಬಹಳ ಹೆಚ್ಚು. ಹಿಡಿಯದಿದ್ದರೆ ಹೊಣೆ ನಿಮ್ಮದು. ಸಿಎ ಹತ್ತಿರ ಮೊದಲೇ ಕೇಳಿ.

ಮೊದಲ ಭೇಟಿಯಲ್ಲಿ ಏನು ಮಾತಾಡಬೇಕು?

ಪರಿಚಯದವರೊಬ್ಬರ ಜೊತೆ ಹೋಗುವುದು ನಮ್ಮ ಕಡೆಯ ರೀತಿ. ಅವರ ಬೀಗರೋ, ಗಂಜಿನ ಅಡತಿ ಅಂಗಡಿಯವರೋ, ಮಠಕ್ಕೆ ನಡೆದುಕೊಳ್ಳುವ ಹಿರಿಯರೋ ಸಿಕ್ಕರೆ ಬಾಗಿಲು ತಾನೇ ತೆರೆಯುತ್ತದೆ. ಯಾರೂ ಸಿಗದಿದ್ದರೆ ಕೈಬರಹದ ಪತ್ರ ಕಳಿಸಿ. ಅಪರಿಚಿತ ನಂಬರಿನಿಂದ ‘ನಿಮ್ಮ ಕಟ್ಟಡ ಮಾರುತ್ತೀರಾ?’ ಎಂದು ವಾಟ್ಸ್‌ಆ್ಯಪ್ ಬಂದರೆ ಹಿರಿಯರಿಗೆ ಅವಮಾನವಾಗುತ್ತದೆ, ಯಾರೋ ತಮ್ಮ ಕಷ್ಟ ನೋಡಿ ಬಂದರು ಅನಿಸುತ್ತದೆ. ಪತ್ರದಲ್ಲಿ ಇಷ್ಟು ಸಾಕು:

‘ಮಾನ್ಯರೇ, ನಾನು ಕಲಬುರಗಿಯವನು. ಬಾಡಿಗೆ ಮನೆಗಳನ್ನು ನಡೆಸುವ ಕೆಲಸ ಮಾಡುತ್ತೇನೆ. ತಮ್ಮ ಕಟ್ಟಡವನ್ನು ಹೊರಗಿನಿಂದ ನೋಡಿದ್ದೇನೆ, ಗಟ್ಟಿಯಾಗಿ ಕಟ್ಟಿಸಿದ್ದೀರಿ. ಅದನ್ನು ಮಾರುವ, ಇಲ್ಲವೇ ನಡೆಸಲು ಕೊಡುವ ಯೋಚನೆ ಮುಂದೆ ಯಾವಾಗಲಾದರೂ ಬಂದರೆ ನನಗೊಂದು ಮಾತು ತಿಳಿಸಿ. ಯೋಚನೆ ಇಲ್ಲದಿದ್ದರೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.’

ಭೇಟಿಯಾದಾಗ ಕೂತ ಕೂಡಲೇ ದರ ಎತ್ತಬೇಡಿ. ‘ಈಗಲೇ ಮಾರ್ರಿ ಅಂತ ಹೇಳ್ಲಾಕ ಬಂದಿಲ್ರಿ ಕಾಕಾ. ಇದನ್ನ ಯಾವಾಗ ಕಟ್ಟಿಸಿದ್ರಿ?’ ಎಂದು ಕೇಳಿ ಸುಮ್ಮನಿರಿ. ತೊಗರಿಗೆ ಒಳ್ಳೆ ರೇಟು ಬಂದ ವರ್ಷ ಪಾಯ ಹಾಕಿದ್ದು, ಶಹಾಬಾದ್ ಕಲ್ಲನ್ನು ತಾವೇ ನಿಂತು ಆರಿಸಿದ್ದು, ಹೆಂಡತಿ ಇದ್ದಾಗ ಪ್ರತಿ ಯುಗಾದಿಗೆ ಬಾಡಿಗೆದಾರರಿಗೆಲ್ಲ ಬೇವು ಬೆಲ್ಲ ಕೊಡುತ್ತಿದ್ದದ್ದು, ಎಲ್ಲ ಬರುತ್ತದೆ. ಅದನ್ನು ಮನಸ್ಸಿಟ್ಟು ಕೇಳಿ. ಮುಂದೆ ಕಟ್ಟಡಕ್ಕೆ ಏನು ಮಾಡಬೇಕು ಎಂಬುದರ ಅರ್ಧ ತಿಳಿವಳಿಕೆ ಆ ಮಾತಿನಲ್ಲೇ ಸಿಗುತ್ತದೆ. ಪೈಪು ಎಲ್ಲಿ ಹೋಗಿದೆ ಎಂದು ಅವರಿಗಷ್ಟೇ ಗೊತ್ತು.

ಶರಣಬಸವೇಶ್ವರ ಜಾತ್ರೆ, ಉರುಸು, ರಂಜಾನ್ ಉಪವಾಸದ ಸಂಜೆ, ಮನೆಯಲ್ಲಿ ಮದುವೆ ಮಾತುಕತೆ, ಇಂಥ ಹೊತ್ತಿನಲ್ಲಿ ಹೋಗಬೇಡಿ. ಸಾವಾದ ಮನೆಗಂತೂ ವರ್ಷ ತುಂಬುವವರೆಗೆ ವ್ಯವಹಾರಕ್ಕಾಗಿ ಕಾಲಿಡಬೇಡಿ.

ದರ ಹೇಗೆ ಲೆಕ್ಕ ಹಾಕುವುದು?

ಮಾಲಕರು ಜಾಗದ ಚದರ ಅಡಿ ಲೆಕ್ಕ ಹಾಕುತ್ತಾರೆ, ಕೊಳ್ಳುವವರು ಬಾಡಿಗೆಯ ಲೆಕ್ಕ ಹಾಕುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ, ಆದರೂ ಮಾತು ಕೂಡುವುದಿಲ್ಲ. ಅದಕ್ಕೇ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಅವರ ಮುಂದಿಡಿ.

ಒಂದು ಉದಾಹರಣೆ ಹಾಕೋಣ. 12 ಮನೆ, ಅದರಲ್ಲಿ 7 ತುಂಬಿವೆ, ಬಾಡಿಗೆ ತಲಾ ₹6,500. ವರ್ಷಕ್ಕೆ ₹5,46,000. ವಾಚ್‌ಮನ್ ಸಂಬಳ, ಸಾಮಾನ್ಯ ಕರೆಂಟು, ಟ್ಯಾಂಕರ್, ತೆರಿಗೆ, ಸಣ್ಣಪುಟ್ಟ ರಿಪೇರಿಗೆ ₹1,80,000 ಹೋದರೆ ಉಳಿಯುವುದು ₹3,66,000. ಮಾಲಕರು ₹1.5 ಕೋಟಿ ಕೇಳಿದರೆ ಅದು ಶೇ 2.4ರಷ್ಟು, ಬ್ಯಾಂಕಿನ ಠೇವಣಿಗಿಂತಲೂ ಕಡಿಮೆ. ಈಗ ರಿಪೇರಿಗೆ ₹20 ಲಕ್ಷ ಹಾಕಿ, ಹನ್ನೆರಡೂ ಮನೆ ₹9,000ದಂತೆ ತುಂಬಿ, ಒಂದು ತಿಂಗಳ ಬಾಡಿಗೆಯಷ್ಟು ಖಾಲಿಗೆಂದು ಬಿಟ್ಟು, ಖರ್ಚು ₹2,40,000 ತೆಗೆದರೆ ಉಳಿಯುವುದು ₹9,48,000. ಕ್ರಯ, ರಿಪೇರಿ, ನೋಂದಣಿ ಎಲ್ಲ ಸೇರಿದ ಹಣದ ಮೇಲೆ ಅದು ಸುಮಾರು ಶೇ 5.2.

ಈ ಎರಡು ಅಂಕಿಗಳ ನಡುವಿನದು ನಿಮ್ಮ ದುಡಿಮೆ. ಅದಕ್ಕೂ ಬೆಲೆ ಕಟ್ಟಿ ಮಾಲಕರು ಕೇಳಿದರೆ ನಿಮಗೆ ನಷ್ಟ. ಜಾಗದ ಬೆಲೆಯೇ ಇಲ್ಲವೆಂಬಂತೆ ನೀವು ಮಾತಾಡಿದರೆ ಅವರಿಗೆ ಅನ್ಯಾಯ. ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯ ಕಡೆ, ವಿಶ್ವವಿದ್ಯಾಲಯದ ಕಡೆ ಬಾಡಿಗೆಗೆ ಜನ ಸಿಗುವುದು ಖಚಿತ. ವರ್ಗಾವಣೆಯ ಸರ್ಕಾರಿ ನೌಕರರು, ಹೈಕೋರ್ಟ್ ಪೀಠದ ವಕೀಲರು, ವೈದ್ಯಕೀಯ ವಿದ್ಯಾರ್ಥಿಗಳು ಮನೆ ಹುಡುಕುವುದು ಮೇನಿಂದ ಜುಲೈವರೆಗೆ. ರಿಪೇರಿ ಅದಕ್ಕೆ ಮೊದಲು ಮುಗಿಯುವಂತೆ ಲೆಕ್ಕ ಹಾಕಿ.

ಬ್ಯಾಂಕ್ ಸಾಲ ಬಾಕಿ ಇದ್ದರೆ?

ಮೂರು ತಿಂಗಳು ಕಂತು ನಿಂತರೆ ಸಾಲ ಅನುತ್ಪಾದಕವಾಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನದ ನೋಟಿಸು ಕೊಡುತ್ತದೆ, ನಂತರ ಸ್ವಾಧೀನ, ಹರಾಜು. ಹರಾಜಿನ ನೋಟಿಸು ಕನ್ನಡ ಪತ್ರಿಕೆಯಲ್ಲೂ ಬರುತ್ತದೆ. ನೋಟಿಸಿನ ಹಂತದಲ್ಲಿರುವ ಮಾಲಕರಿಗೆ ಹರಾಜಿಗಿಂತ ಖಾಸಗಿ ಮಾರಾಟವೇ ಮೇಲು, ಬ್ಯಾಂಕಿನವರನ್ನೂ ಕೂರಿಸಿಕೊಂಡು ಸಾಲದ ಹಣ ನೇರ ಬ್ಯಾಂಕಿಗೆ ಕಟ್ಟುವಂತೆ ಮಾಡಬಹುದು. ಆದರೆ ಅವರ ಅವಸರವನ್ನೇ ಹಿಡಿದು ದರ ಮುರಿಯುವವರನ್ನು ನಾನು ನೋಡಿದ್ದೇನೆ. ಆ ಕೆಲಸಕ್ಕೆ ಸಲಹೆ ಕೇಳಬೇಡಿ, ಕೊಡುವುದಿಲ್ಲ.

ಬಾಡಿಗೆದಾರರಿಗೆ ಯಾವಾಗ ತಿಳಿಸಬೇಕು?

ಮಾಲಕರು ಒಪ್ಪುವ ಮೊದಲು ನೀವಾಗಿ ಹೇಳಬಾರದು. ಸುದ್ದಿ ಹಬ್ಬಿದರೆ ಇದ್ದ ಏಳು ಮನೆಯೂ ಖಾಲಿಯಾದೀತು. ಕರಾರಾದ ಮೇಲೆ ಮಾಲಕರೇ ಜೊತೆಗಿದ್ದು ಹೇಳಲಿ. ಪ್ರತಿ ಮನೆಯ ಡಿಪಾಜಿಟ್ ಎಷ್ಟು, ಯಾರ ಹತ್ತಿರ ಇದೆ ಎಂದು ಕ್ರಯದ ಮೊದಲೇ ಬರೆಸಿಕೊಂಡು ಒಟ್ಟು ಬೆಲೆಯಲ್ಲಿ ಕಳೆಯಿರಿ, ನಾಳೆ ಮರಳಿಸಬೇಕಾದವರು ನೀವೇ. ಮಾಲಕರು ಬದಲಾದರು ಎಂಬ ತಿಳಿವಳಿಕೆ ಕೊಡದಿದ್ದರೆ ಬಾಡಿಗೆದಾರರು ಹಳೆಯ ಮಾಲಕರಿಗೆ ಕಟ್ಟಿದ ಬಾಡಿಗೆಯನ್ನು ನೀವು ಮತ್ತೆ ಕೇಳುವಂತಿಲ್ಲ.

ಬಯಾನಾ, ತೆರಿಗೆ, ನೋಂದಣಿ ಖರ್ಚು?

ಬಯಾನಾ ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಹೋಗಲಿ. ಸ್ಥಿರಾಸ್ತಿಗೆ ₹20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ, ಅದು ಬೀಳುವುದು ಮಾರುವವರ ಮೇಲೆ. ₹45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲ ಸೇರಿ ನಗರದಲ್ಲಿ ಸುಮಾರು ಶೇ 7.6, ಕ್ರಯದ ಬೆಲೆ ಅಥವಾ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಯಾವುದು ಹೆಚ್ಚೋ ಅದರ ಮೇಲೆ. ₹50 ಲಕ್ಷ ಅಥವಾ ಮೇಲಾದರೆ ಶೇ 1 ಟಿಡಿಎಸ್ ಹಿಡಿದು ಕಟ್ಟಬೇಕು.

ಹಿರಿಯ ಮಾಲಕರು ‘ತೆರಿಗೆಗೇ ಅರ್ಧ ಹೋಗ್ತದ’ ಎಂದು ಹೆದರಿ ಮಾರಾಟ ಮುಂದೂಡುವುದಿದೆ. 2001ಕ್ಕಿಂತ ಹಿಂದಿನ ಆಸ್ತಿಗೆ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು, ಆಗ ತೆರಿಗೆ ಅವರು ಅಂದುಕೊಂಡಷ್ಟು ಬರುವುದಿಲ್ಲ. ಅವರದೇ ಸಿಎ ಹತ್ತಿರ ಲೆಕ್ಕ ಹಾಕಿಸಲು ಹೇಳಿ. ನಿಮ್ಮ ಸಿಎ ಬೇಡ.

ಮಾರುವುದಿಲ್ಲ ಅಂದರೆ?

ಮಾರದೆಯೂ ದಾರಿಯಿದೆ. ಐದು ವರ್ಷಕ್ಕೆ ನಡೆಸಲು ಕೊಡಿ, ರಿಪೇರಿ ನಾನು ಮಾಡಿಸುತ್ತೇನೆ, ಈಗ ಬರುವಷ್ಟು ಬಾಡಿಗೆ ತಪ್ಪದೆ ನಿಮಗೆ, ಹೆಚ್ಚಿಗೆ ಬಂದದ್ದರಲ್ಲಿ ಪಾಲು ಎಂದು ಕೇಳಬಹುದು. ಇಂಥ ಕರಾರು ನೋಂದಣಿಯಾಗಿರಲಿ. ಅದೂ ಬೇಡ ಅಂದರೆ ನಮಸ್ಕಾರ ಮಾಡಿ ಎದ್ದು ಬನ್ನಿ. ವಾರ ವಾರ ಫೋನ್ ಮಾಡಬೇಡಿ. ವರ್ಷಕ್ಕೊಮ್ಮೆ, ಸಂಕ್ರಮಣಕ್ಕೆ ಎಳ್ಳು ಬೆಲ್ಲ ಕೊಟ್ಟು ಮಾತಾಡಿಸಿ ಬಂದರೆ ಸಾಕು. ಒಬ್ಬ ಹಿರಿಯರು ನನ್ನ ಪತ್ರವನ್ನು ನಾಲ್ಕು ವರ್ಷ ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೊಣಕಾಲಿನ ಆಪರೇಷನ್ ಆದ ಮೇಲೆ ಅವರ ಮಗಳು ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರು: ‘ಅಪ್ಪ ನಿಮ್ಮನ್ನ ಕರೀಲಾಕ ಹೇಳ್ಯಾರ್ರಿ. ಬರೂ ಮುಂದ ಇಂಜಿನಿಯರ್‌ನ ಕರ್ಕೊಂಡು ಬರ್ರಿ, ತಾರಸಿ ಒಮ್ಮಿ ನೋಡಬೇಕಂತ.’